ಬೊಚ್ಚುಬಾಯಿ ಹುಲಿಗಳು

"ಅಲ್ಲ ಅತ್ತಿಗೆ, ಕಚ್ಚೋ ಮಗು ಬರ್ತ್‌ಡೇಗೆ ಹುಲಿ ಮುಖವಾಡಾನಾ? ಆಡ್ಕೊಳ್ಳೋರ ಬಾಯಿಗೆ ನೀವೇ ಮಾತು ಹಾಕ್ತಿದ್ದೀರಿ," ಎಂದು ನಾದಿನಿ ನಕ್ಕಳು.

ಟೈಲರಮ್ಮ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. "ಟೀವಿಯ ಆ ಕಾರ್ಟೂನ್ ಹುಲಿ ಅಂದ್ರೆ ಅವಳಿಗೆ ಪ್ರಾಣ ಕಣೇ. ನಾಳೆಗೆ ಐದು ತುಂಬುತ್ತೆ. ಮೊಲ ಮಾಡ್ತೀನಿ ಅಂದ್ರೆ ರಂಪ ಮಾಡ್ತಾಳೆ."

ನಗುವ ಮನಸ್ಸು ಅವಳಿಗೂ ಇತ್ತು, ಆದರೆ ನಗು ಬರಲಿಲ್ಲ. ಹೋದ ವಾರ ಶಾಲೆಯಲ್ಲಿ ಅವಳ ಚಿನಕುರಳಿ ಮಗಳು ಮಹಡಿ ಮನೆಯ ಹುಡುಗನ ತೋಳನ್ನು ರಕ್ತ ಬರುವಂತೆ ಕಚ್ಚಿದ್ದಳು. ಅಂದಿನಿಂದ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಎಂಟು ಮಕ್ಕಳನ್ನು ಕರೆದಾಗಿತ್ತು. ಏಳು ತಾಯಂದಿರು "ನೋಡೋಣ" ಎಂದಿದ್ದರು. ಒಂಬತ್ತು ಬಟ್ಟೆಯ ಮುಖವಾಡ ಹೊಲಿದು, ಬಿಳಿ ಹಲ್ಲು ಕೂರಿಸಿ, ಒಳಗೆ ಮಂಚದ ಮೇಲೆ ಹರಡಿದ್ದಳು. ಈಗ ಬಾಲಗಳ ಸರದಿ. ಯಾರೂ ಬಾರದಿದ್ದರೆ ಅಷ್ಟು ಹುಲಿಗಳ ನಡುವೆ ಮಗು ಒಂಟಿ.

"ಮಹಡಿಯವರು ಏನಂದ್ರು?"

"ಬೆಳಿಗ್ಗೆ ಇವಳನ್ನ ಕರ್ಕೊಂಡೇ ಹೋಗಿದ್ದೆ. ಅವನಮ್ಮ ಬಾಗಿಲು ಪೂರ್ತಿ ತೆಗೀಲೇ ಇಲ್ಲ. 'ಇವಳ ಹಲ್ಲು ಕಂಡ್ರೇ ನಮ್ಮೋನಿಗೆ ಭಯ' ಅಂತ ಇವಳೆದುರೇ ಅಂದುಬಿಟ್ರು."

"ಮೆಲ್ಲಗೆ ಅತ್ತಿಗೆ, ಮಗು ಒಳಗಿದೆ. ಆಗಿನಿಂದ ಸದ್ದೇ ಇಲ್ವಲ್ಲ?"

ಟೈಲರಮ್ಮ ಎದ್ದು ಹೋಗಿ ನೋಡಿದಳು. ಮಗಳು ಮಂಚದ ಮೇಲೆ ಕಾಲು ಚಾಚಿ ಕೂತು, ನೂಲು ಕತ್ತರಿಸುವ ಪುಟ್ಟ ಕತ್ತರಿಯಿಂದ ಹುಲಿಗಳ ಹಲ್ಲು ಬಿಚ್ಚುತ್ತಿದ್ದಳು. ಎಂಟು ಹುಲಿಗಳು ಆಗಲೇ ಬೊಚ್ಚುಬಾಯಿಯಾಗಿದ್ದವು. ಟೈಲರಮ್ಮ ಪಕ್ಕದಲ್ಲಿ ಕೂತು, ಒಂಬತ್ತನೆಯದನ್ನು ಅಲುಗದಂತೆ ಹಿಡಿದುಕೊಟ್ಟಳು.