ಇಳಿಯುವವಳು

"ಒತ್ತು," ಎಂದು ಗಾಡಿಯ ಅಡಿಯಿಂದ ಕೂಗಿದ ಲೈನ್‌ಮನ್.

ಪೆಡಲು ಕೆಳಗಿಳಿಯುವ ಸದ್ದು ಬರಲಿಲ್ಲ. ಹಿಂದಿನ ಚಕ್ರದ ಬಳಿ ಅಂಗಾತ ಮಲಗಿದ್ದ ಅವನು ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದರಲ್ಲಿ ಬ್ರೇಕ್ ಆಯಿಲಿನ ಬಾಟಲಿ ಹಿಡಿದು ಸ್ವಲ್ಪ ಹೊತ್ತು ಕಾದ. ಆಮೇಲೆ ನೆನಪಾಯಿತು. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ಒತ್ತಬೇಕಾದವಳನ್ನು ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿದ್ದಾರೆ, ಬಂದವರು ಸುತ್ತ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

ಅವನಿಗೆ ಅಳು ಬಂತು. ಬೆಳಗಿನಿಂದ ಅಷ್ಟು ಜನರ ಎದುರು ಬಾರದೆ ಸತಾಯಿಸಿದ ಅಳು ಇಲ್ಲಿ, ಗ್ರೀಸಿನ ವಾಸನೆಯ ನಡುವೆ, ಹೇಳದೆ ಕೇಳದೆ ಬಂತು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಎಣ್ಣೆ. ಹಾಗೇ ಬಿಟ್ಟ.

ಶೆಡ್ಡಿನ ಬಾಗಿಲಲ್ಲಿ ಎರಡು ಚಪ್ಪಲಿ ಕಾಣಿಸಿದವು. ಹಿಟ್ಟು ಮೆತ್ತಿಕೊಂಡಿದ್ದವು, ಅಂದರೆ ಪಕ್ಕದ ಬೇಕರಿಯವನು.

"ಅಣ್ಣ, ಒಳಗೆ ಎಲ್ಲರೂ ನಿನ್ನ ಹುಡುಕ್ತಾ ಇದ್ದಾರೆ. ಅತ್ತಿಗೆ ಅಲ್ಲಿ ಮಲಗಿದ್ದಾರೆ, ನೀನು ಇಲ್ಲಿ ಗಾಡಿ ಕೆಳಗೆ ಮಲಗಿದ್ದೀಯಲ್ಲ. ನೋಡಿದೋರು ಏನಂದ್ಕೋತಾರೆ?"

"ಏನಾದ್ರೂ ಅಂದ್ಕೊಳ್ಳಲಿ. ಅವಳನ್ನ ಇದರಲ್ಲೇ ಕರ್ಕೊಂಡು ಹೋಗ್ತೀನಿ."

"ವ್ಯಾನಿಗೆ ಹೇಳಿಯಾಗಿದೆ."

"ವ್ಯಾನು ಟಾರು ಮುಗಿಯೋ ತನಕ ಹೋಗತ್ತೆ. ಆಮೇಲೆ?"

ಸ್ಮಶಾನ ಗುಡ್ಡದ ಮೇಲಿತ್ತು. ಟಾರು ಮುಗಿದ ಮೇಲೆ ಬರೀ ಮಣ್ಣಿನ ಏರು. ರಾತ್ರಿಯೆಲ್ಲ ಮಳೆ ಹೊಡೆದು ಅದು ಹೇಗಾಗಿರಬಹುದು ಎಂದು ಇಬ್ಬರಿಗೂ ಗೊತ್ತಿತ್ತು.

"ಆಮೇಲೆ ನಾವು ಹೆಗಲು ಕೊಡ್ತೀವಿ," ಎಂದ ಬೇಕರಿಯವನು.

"ಆ ಕೆಸರಲ್ಲಿ? ಯಾರದ್ದಾದ್ರೂ ಕಾಲು ಜಾರಿದ್ರೆ? ಅವಳನ್ನ ಕೆಳಗೆ ಬೀಳಿಸ್ತೀರಾ?"

ಬೇಕರಿಯವನು ಕುಕ್ಕುರುಗಾಲಲ್ಲಿ ಕೂತು ಗಾಡಿಯ ಅಡಿಗೆ ಮುಖ ಬಗ್ಗಿಸಿದ. "ಸರಿ. ನಾನೇ ಕೂತು ಒತ್ತಲಾ? ಹೋದ ವಾರವೂ ಕೇಳಿದ್ದೆ."

"ಬೇಡ."

ಅದೇ ತೊಡಕು. ಹಳೆಯ ಜಪಾನಿ ಗಾಡಿ, ನಾಲ್ಕೂ ಚಕ್ರ ಎಳೆಯುವಂಥದ್ದು. ಬ್ರೇಕು ಬಿಚ್ಚಿ ಜೋಡಿಸಿದ ಮೇಲೆ ಪೈಪಿನಲ್ಲಿ ಗಾಳಿ ಉಳಿಯುತ್ತದೆ, ಆ ಗಾಳಿ ಹೋಗುವವರೆಗೆ ಬ್ರೇಕು ಹಿಡಿಯುವುದಿಲ್ಲ. ಅದನ್ನು ತೆಗೆಯುವುದು ಇಬ್ಬರ ಕೆಲಸ. ಒಬ್ಬರು ಮೇಲೆ ಕೂತು ಪೆಡಲು ಒತ್ತಬೇಕು, ಇನ್ನೊಬ್ಬರು ಚಕ್ರದ ಬಳಿ ನಟ್ಟು ಸಡಿಲಿಸಿ ಗಾಳಿ ಬಿಡಬೇಕು. ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಉಳಿದೆಲ್ಲ ಕೆಲಸ ಮುಗಿದಿತ್ತು, ಇದೊಂದು ಬಾಕಿ. ಯಾರು ಕೇಳಿದರೂ "ಅವಳು ಬರಲಿ" ಎನ್ನುತ್ತಿದ್ದ. ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು ಮಾತಾಡಿದ ದಿನವೂ ಮನೆಗೆ ಬಂದು ಬೇಕರಿಯವನಿಗೆ ಅದನ್ನೇ ಹೇಳಿದ್ದ.

ಮಗಳು ಬಂದಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು.

"ಅಪ್ಪ, ಏಳು. ಬ್ರೇಕೇ ಇಲ್ಲದ ಗಾಡೀಲಿ ಅಮ್ಮನ್ನ ಗುಡ್ಡ ಹತ್ತಿಸ್ತೀಯಾ? ಇಳಿಯೋವಾಗ ನಿನ್ನ ಗತಿ ಏನು?"

"ಸರಿ ಮಾಡ್ತಾ ಇದ್ದೀನಲ್ಲ."

"ಸರಿ ಮಾಡೋದು, ಸರಿ ಮಾಡೋದು! ನಾನು ಹುಟ್ಟಿದಾಗಿನಿಂದ ಇದೇ ಕೇಳ್ತಾ ಇದ್ದೀನಿ. ದಿನವೆಲ್ಲ ಹೊಲಿಗೆ ಮಿಷನ್ ತುಳಿದು ಸುಸ್ತಾಗಿ ಎದ್ದವಳನ್ನ ಇಲ್ಲಿ ತಂದು ಇದನ್ನ ಹಿಡ್ಕೋ, ಅದನ್ನ ಒತ್ತು ಅಂತ ದುಡಿಸ್ಕೊಂಡೆ. ನಿನ್ನ ಹುಚ್ಚಿಗೆ ಅವಳು ಜೀವ ತೇಯ್ದಳು. ಇವತ್ತಾದ್ರೂ ಅವಳನ್ನ ಬಿಟ್ಟುಬಿಡು, ಅಪ್ಪ."

ಅವಳು ಹೋದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಅವನಿಗೂ ಇದೇ ಸಂಶಯ ಬಂದಿತ್ತು. ಹೆಂಡತಿಯನ್ನೇ ಕೇಳಿಬಿಡಬೇಕು ಎಂದುಕೊಂಡಿದ್ದ. ಹಾಗೆಂದುಕೊಳ್ಳುವ ಹೊತ್ತಿಗೆ ಅವಳು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

*

ಅವನು ಗುಡ್ಡಗಾಡಿನಲ್ಲಿ ಕರೆಂಟಿನ ಕಂಬ ಹತ್ತುತ್ತಿದ್ದ ಕಾಲ. ಇಲಾಖೆ ಹರಾಜಿಗಿಟ್ಟ ಗಾಡಿಯನ್ನು ಮನೆಗೆ ಎಳೆಸಿಕೊಂಡು ಬಂದಿದ್ದ. ಹೆಂಡತಿ ಟೈಲರ್. ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಿದ್ದರು. ಕುತ್ತಿಗೆಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಕೂಸು, ಹಾಗೇ ಬಂದು ಡ್ರೈವರ್ ಸೀಟಿನಲ್ಲಿ ಕೂತಳು.

"ಒತ್ತು," ಎಂದ ಅವನು ಅಡಿಯಿಂದ.

"ಒತ್ತಿದೆ."

"ಹಿಡ್ಕೋ. ಹಿಡ್ಕೋ. ಹಾಂ, ಬಿಡು."

ಮಧ್ಯಾಹ್ನವೆಲ್ಲ ಅದೇ. ಒತ್ತು, ಹಿಡ್ಕೋ, ಬಿಡು. ಕೊನೆಗೆ ಮೇಲಿನಿಂದ ಅವಳ ನಗು ಕೇಳಿಸಿತು.

"ರೀ, ಮದುವೆ ಆದಮೇಲೆ ನೀವು ನನ್ನ ಹತ್ರ ಇಷ್ಟು ಮಾತಾಡಿದ್ದು ಇದೇ ಮೊದಲು."

ಅವನಿಗೂ ನಗು ಬಂತು. ಮಾತು ಅವನಿಗೆ ಸುಲಭವಾಗಿ ಒದಗುತ್ತಿರಲಿಲ್ಲ. ಎದುರೆದುರು ಕೂತರೆ ಬಾಯಿ ಕಟ್ಟುತ್ತಿತ್ತು. ಗಾಡಿಯ ಅಡಿಯಲ್ಲಿ, ಅವಳ ಮುಖ ಕಾಣದ ಕಡೆ, ಹೇಗೋ ಸಲೀಸು. ಮುಂದೆ ಎಷ್ಟೋ ಭಾನುವಾರ ಅವರು ಹಾಗೇ ಕಳೆದರು. ಮಗಳ ಫೀಜು, ಅವನ ಅತ್ತೆಯ ಕಾಯಿಲೆ, ಬಟ್ಟೆ ಒಯ್ಯಲು ಬಂದು ಜಗಳ ಮಾಡಿದ ಹೆಂಗಸು, ಎಲ್ಲ ಮಾತೂ ಸೀಟಿಗೂ ನೆಲಕ್ಕೂ ನಡುವೆ ಓಡಾಡಿದವು. ಹೊಲಿಗೆ ಮಿಷನ್ ತುಳಿದು ಪಳಗಿದ ಕಾಲು ಅವಳದು. ಬಾಟಲಿಯಲ್ಲಿ ಗುಳ್ಳೆ ಕಾಣುವ ಮೊದಲೇ "ಇನ್ನೂ ಗಾಳಿ ಇದೆ ರೀ, ಮೆತ್ತಗಿದೆ" ಎನ್ನುತ್ತಿದ್ದಳು. ಅವಳ ಮಾತು ಸುಳ್ಳಾದದ್ದು ಅವನಿಗೆ ನೆನಪಿಲ್ಲ.

*

ನಡುಮನೆಯಲ್ಲಿ ಮಾತು ಸಣ್ಣದಾಗಿ ನಡೆದಿತ್ತು.

"ಹೇಳಿದ ದಿನಕ್ಕೆ ಒಂದು ಬಟ್ಟೆ ಕೊಟ್ಟವಳಲ್ಲ, ಪುಣ್ಯಾತ್ಗಿತ್ತಿ," ಎಂದರು ಮೂಲೆಮನೆಯ ನರ್ಸಮ್ಮ, ಕಣ್ಣೊರೆಸುತ್ತ. "ಕೇಳಿದ್ರೆ, ಗೇರ್‌ಬಾಕ್ಸ್ ಇಳಿಸಿದ್ದೀವಿ, ನಾಳಿದ್ದು ಬನ್ನಿ ಅನ್ನೋಳು. ಆದ್ರೂ ಬೇರೆ ಟೈಲರ್ ಹತ್ರ ಹೋಗೋಕೆ ಮನಸ್ಸು ಬರ್ತಿರಲಿಲ್ಲ. ಅವಳು ಹೊಲಿದದ್ದು ಮೈಗೆ ಹಾಗೆ ಕೂರೋದು."

"ಕೇಳಿದ್ಯಾ ಚಿಕ್ಕಮ್ಮ?" ಮಗಳು ಅಮ್ಮನ ತಂಗಿಯ ಕಡೆ ತಿರುಗಿದಳು. "ಅವಳ ಕೆಲಸ ಹಾಳು ಮಾಡಿದ್ದೂ ಅದೇ. ಆ ಗಾಡಿ ಅಮ್ಮನಿಗೆ ಸವತಿ ಇದ್ದ ಹಾಗೆ ಇತ್ತು."

ಚಿಕ್ಕಮ್ಮ ಪೆಟ್ಟಿಗೆಯ ಅಂಚಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. "ಸವತಿ ಅಂತೆ! ಯಾರು ಹೇಳಿದ್ದು ನಿನಗೆ?" ಎಂದಳು. "ನೀನು ಕಾಲೇಜಿಗೆ ಸೇರೋವಾಗ ಭಾವ ಆ ಗಾಡಿ ಮಾರೋಕೆ ಹೊರಟಿದ್ರು. ಗೊತ್ತಾ?"

"ಗೊತ್ತು. ಬಂದೋನು ಬೇಡ ಅಂದ. ಗಾಡಿ ಸ್ಟಾರ್ಟೇ ಆಗ್ಲಿಲ್ಲವಂತೆ."

"ಯಾಕೆ ಆಗ್ಲಿಲ್ಲ? ಅವನು ಬರೋಕೆ ಮುಂಚೆ ನಿಮ್ಮಮ್ಮ ಸ್ಪ್ಯಾನರ್ ತಗೊಂಡು ಡೀಸೆಲ್ ಪೈಪು ಸಡಿಲ ಮಾಡಿ ಒಳಗೆ ಗಾಳಿ ಸೇರೋ ಹಾಗೆ ಮಾಡಿದ್ದಳು. ನನ್ನ ಕಣ್ಣೆದುರಿಗೇ. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಬಂದು ಮಿಷನ್ ಮುಂದೆ ಕೂತಳು, ಕಳ್ಳಿ."

ನರ್ಸಮ್ಮ ಅಳುವಿನ ನಡುವೆಯೇ ನಕ್ಕುಬಿಟ್ಟರು. ಮಗಳು ನಗಲಿಲ್ಲ.

"ಅಪ್ಪನಿಗೆ?"

"ಭಾವ ಬಾನೆಟ್ ಎತ್ತಿದ ಕೂಡ್ಲೇ ಕಂಡಿರತ್ತೆ. ಬಂದೋನ ಎದುರು ಬಿಟ್ಟುಕೊಡಲಿಲ್ಲ. ಇವಳ ಹತ್ರವೂ ಕೇಳಲಿಲ್ಲ. ನಾನೇ ಕೇಳಿದೆ, ಯಾಕೇ ಹೀಗೆ ಮಾಡಿದೆ ಅಂತ. ಏನಂದಳು ಗೊತ್ತಾ? ನನ್ನ ಬಳೆ ಮಾರಿ ಮಗಳನ್ನ ಓದಿಸ್ತೀನಿ, ಇದನ್ನ ಮಾತ್ರ ಮಾರಲ್ಲ. ಇದು ಹೋದ್ರೆ ನಾವಿಬ್ರೂ ಎಲ್ಲಿ ಕೂತು ಮಾತಾಡೋದು ಅಂದಳು."

ಮಗಳು ಅಮ್ಮನ ಬರಿಗೈ ನೋಡಿದಳು. ಬಳೆ ಎಲ್ಲಿ ಹೋಯಿತೆಂದು ಅವಳು ಒಮ್ಮೆಯೂ ಕೇಳಿರಲಿಲ್ಲ. ಅಮ್ಮನ ಬಗ್ಗೆ ತನಗೆ ಎಲ್ಲ ಗೊತ್ತು ಎಂದು ಇಷ್ಟು ವರ್ಷ ಅಪ್ಪನ ಮೇಲೆ ಹರಿಹಾಯ್ದಿದ್ದಳು. ಎದ್ದು ಹೊರಗೆ ನಡೆದಳು.

ಶೆಡ್ಡಿನಲ್ಲಿ ಲೈನ್‌ಮನ್ ಇನ್ನೂ ಗಾಡಿಯ ಅಡಿಯಲ್ಲೇ ಇದ್ದ. ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಸೀಟಿನ ಸ್ಪ್ರಿಂಗು ನರಳಿತು.

"ಹೇಳು," ಎಂದಳು ಮಗಳು.

ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ.

"ಅಪ್ಪ, ಹೇಳು. ವ್ಯಾನಿನವನಿಗೆ ಬಂದವರನ್ನ ಕೂರಿಸ್ಕೊಂಡು ಹಿಂದೆ ಬಾ ಅಂತ ಹೇಳಿ ಬಂದಿದ್ದೀನಿ. ಅಮ್ಮ ಕಾಯ್ತಾ ಇದ್ದಾಳೆ."

ಬೇಡ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಆ ಪೆಡಲಿನ ಮೇಲೆ ಬೇರೆ ಕಾಲು ಬಿದ್ದರೆ ಅವಳು ಇನ್ನು ಬರುವುದಿಲ್ಲ ಎಂದು ಅವನೇ ಒಪ್ಪಿಕೊಂಡ ಹಾಗೆ. ಅಷ್ಟು ದಿನ ಅವನು ತಡೆಹಿಡಿದದ್ದು ಅದನ್ನೇ. ಆದರೆ ಕೆಸರಿನಲ್ಲಿ ಜಾರುವ ಕಾಲುಗಳೂ ಓರೆಯಾಗುವ ಪೆಟ್ಟಿಗೆಯೂ ಕಣ್ಣಿಗೆ ಕಟ್ಟಿದವು.

"ಒತ್ತು," ಎಂದ.

ಪೆಡಲು ಧಡ್ಡನೆ ಕೆಳಗೆ ಹೋಯಿತು.

"ಹಾಗಲ್ಲ ಮಗಳೇ, ನಿಧಾನ. ಹಿಡ್ಕೋ. ನಾನು ಹೇಳೋ ತನಕ ಬಿಡಬೇಡ. ಹಾಂ, ಈಗ ಬಿಡು."

ಬಾಟಲಿಯಲ್ಲಿ ಗುಳ್ಳೆಗಳು ಎದ್ದವು. ಚಕ್ರದಿಂದ ಚಕ್ರಕ್ಕೆ ಅವನು ಬೆನ್ನಿನ ಮೇಲೆ ತೆವಳಿದ. ಇಬ್ಬರೂ ಬೇರೇನೂ ಮಾತಾಡಲಿಲ್ಲ. ಕೊನೆಯ ಚಕ್ರದ ಹೊತ್ತಿಗೆ ಮಗಳ ಕಾಲು ಪಳಗಿತ್ತು.

"ಗಟ್ಟಿಯಾಯ್ತು ಅಪ್ಪ. ಕಲ್ಲಿನ ಹಾಗಿದೆ."

ಅವನು ನಟ್ಟು ಬಿಗಿದ. ಕೆಲಸ ಆಯಿತೆಂದು ನೆಮ್ಮದಿಯಾಗಬೇಕಿತ್ತು. ಅವಳಿಲ್ಲದೆಯೂ ಆಯಿತಲ್ಲ ಎಂದು ಸಂಕಟವಾಯಿತು.

ಹಿಂದಿನ ಸೀಟು ಬಿಚ್ಚಿ ಪೆಟ್ಟಿಗೆ ಒಳಗಿಟ್ಟರು. ಉದ್ದ ಸಾಲದೆ ಹಿಂಬಾಗಿಲನ್ನು ಅರ್ಧ ತೆರೆದು ಬೇಕರಿಯವನು ಹಗ್ಗ ಬಿಗಿದ. ಮಗಳು ಪೆಟ್ಟಿಗೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಚಿಕ್ಕಮ್ಮ ಮುಂದಿನ ಸೀಟು ಹತ್ತಲು ಕಾಲೆತ್ತಿದವಳು ಲೈನ್‌ಮನ್ ಮುಖ ನೋಡಿ ಕಾಲು ಕೆಳಗಿಳಿಸಿದಳು. "ನೀವು ಹೊರಡಿ ಭಾವ. ನಾನು ವ್ಯಾನಲ್ಲಿ ಬರ್ತೀನಿ," ಎಂದಳು.

ಗಾಡಿ ಮುಂದೆ ಹೊರಟಿತು. ವ್ಯಾನೂ ನಾಲ್ಕಾರು ಕಾರುಗಳೂ ಹಿಂದೆ ಬಂದವು. ಪೇಟೆಯ ಇಳಿಜಾರಿನಲ್ಲಿ ಬ್ರೇಕು ಚೆನ್ನಾಗಿ ಹಿಡಿಯಿತು. ಅಂಗಡಿಗಳು ಮುಗಿದು, ಶಾಲೆಯ ಗೋಡೆ ಮುಗಿದು, ಗುಡ್ಡದ ಬುಡ ಬಂತು. ಟಾರು ಮುಗಿದು ಕೆಂಪು ಕೆಸರು ಶುರುವಾಗುವಲ್ಲಿ ಲೈನ್‌ಮನ್ ಗಾಡಿ ನಿಲ್ಲಿಸಿದ. ನಿಲ್ಲಿಸಿ, ಎರಡೂ ಕೈ ಸ್ಟೀರಿಂಗಿನ ಮೇಲಿಟ್ಟು ಕಾಯುತ್ತ ಕೂತ.

*

ಈ ಹಳೆಯ ಗಾಡಿಗಳಲ್ಲಿ ನಾಲ್ಕೂ ಚಕ್ರ ಎಳೆಯಬೇಕಾದರೆ ಒಳಗಿನ ಗೇರು ಹಾಕಿದರೆ ಸಾಲದು. ಒಬ್ಬರು ಕೆಳಗಿಳಿದು ಮುಂದಿನ ಒಂದೊಂದು ಚಕ್ರದ ನಟ್ಟನಡುವೆಯೂ ಇರುವ ಗುಂಡಿಯನ್ನು ಕೈಯಿಂದ ತಿರುಗಿಸಬೇಕು. ಇಳಿಯುವವಳು ಯಾವಾಗಲೂ ಅವಳೇ. ಮೊದಲ ಸಲ ಹೊಳೆ ದಾಟಿದ ದಿನ ನೀರಿನಂಚಿನಲ್ಲಿ ಅವನು ಬಾಗಿಲು ತೆರೆಯುವಷ್ಟರಲ್ಲಿ ಅವಳು ಬಟ್ಟೆ ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ಹಾರಿಯಾಗಿತ್ತು.

"ಕೆಸರು ಕಣೇ. ನಾನು ಇಳೀತೀನಿ ಇರು."

"ನೀವು ಕೂತ್ಕೊಳ್ಳಿ. ಶೆಡ್ಡಲ್ಲಿ ಎಲ್ಲ ನೀವು ಹೇಳಿದ ಹಾಗೆ ಕೇಳ್ತೀನಿ. ಇಲ್ಲಿ ನಾನು ಹೇಳಿದ ಮೇಲೇ ಗಾಡಿ ಕದಲಬೇಕು."

ಆ ಕಡೆ ಒಂದು, ಈ ಕಡೆ ಒಂದು ತಿರುಗಿಸಿ, ಎದುರು ಬಂದು ನಿಂತು, ಒದ್ದೆ ಅಂಗೈಯಿಂದ ಬಾನೆಟ್ ಮೇಲೆ ಎರಡು ಸಲ ತಟ್ಟಿದಳು. ಆಯ್ತು, ಹೊರಡಿ ಎಂದು. ಹತ್ತಿ ಕೂತು, ನೀರು ಬಾಗಿಲ ತನಕ ಏರಿದಾಗ ಕೂಸನ್ನು ಅವುಚಿಕೊಂಡು ಕಿರುಚಿದಳು. ಆಚೆ ದಡ ಹತ್ತಿದ ಮೇಲೆ ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ರೀ, ವಾಪಸ್ ಹೋಗಿ ಇನ್ನೊಂದು ಸಲ ದಾಟೋಣ," ಎಂದಳು. ದಾಟಿದರು.

*

ಪಕ್ಕದ ಬಾಗಿಲು ತೆರೆಯಲಿಲ್ಲ.

ಹಿಂದೆ ಸಾಲಾಗಿ ನಿಂತ ಗಾಡಿಗಳಲ್ಲಿ ಒಬ್ಬರೂ ಹಾರ್ನ್ ಮಾಡಲಿಲ್ಲ.

"ಅಪ್ಪ?" ಎಂದಳು ಮಗಳು ಮೆಲ್ಲಗೆ. "ಯಾಕೆ ನಿಂತೆ?"

ಅವನು ಹ್ಯಾಂಡ್‌ಬ್ರೇಕ್ ಎಳೆದ. ಎಂಜಿನ್ ಓಡುತ್ತಲೇ ಇತ್ತು. ತನ್ನ ಬಾಗಿಲು ತೆರೆದು ಇಳಿದ. ಕಾಲು ಕೆಸರಿನಲ್ಲಿ ಹೂತಿತು. ಮೊಣಕಾಲು ಹಿಡಿದುಕೊಂಡು ಚಕ್ರದ ಮುಂದೆ ಬಗ್ಗಿದ. ಗುಂಡಿಯ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿದರೆ ತಿರುಗಿಸುವ ದಿಕ್ಕು ಹೇಳುವ ಅಕ್ಷರ ಯಾವುದೂ ಉಳಿದಿರಲಿಲ್ಲ, ಅವಳ ಬೆರಳಿಗೆ ಸವೆದು ನುಣ್ಣಗಾಗಿತ್ತು. ತಿರುಗಿಸಿದ. ಅದು ಕಟಕ್ಕೆಂದು ಕೂತಿತು. ಮುಂದಿನಿಂದ ಬಳಸಿ ಆಚೆ ಕಡೆ ಹೋಗಿ ಇನ್ನೊಂದನ್ನೂ ತಿರುಗಿಸಿದ.

ಎದ್ದು ಗಾಡಿಯ ಎದುರು ಬಂದು ನಿಂತ. ಕೈ ತಾನಾಗಿ ಮೇಲೆ ಹೋಯಿತು. ಬಾನೆಟ್ ಮೇಲೆ ಎರಡು ಸಲ ತಟ್ಟಿ, ಗಾಜಿನ ಕಡೆ ನೋಡಿದ. ಸ್ಟೀರಿಂಗಿನ ಹಿಂದೆ ಬರಿದಾದ ಸೀಟು ಎಂಜಿನ್ನಿನ ಜೊತೆ ಸಣ್ಣಗೆ ಅಲುಗುತ್ತಿತ್ತು.