ಹಸಿರುನೀಲಿ ಪುಡಿಯ ಕೋಣೆಯಲ್ಲಿ ಹಾಡು ನಿಂತಿತು

ನನ್ನ ಜೊತೆ ಕೆಲಸ ಮಾಡುವ ಫೂಸಿ ಕೆಮ್ಮಿ ಬಾಯಿ ಒರೆಸಿಕೊಂಡರೆ ಕರವಸ್ತ್ರದ ಮೇಲೆ ಹಸಿರುನೀಲಿ ಬಣ್ಣ. ಮೂಗು ಸೀಟಿದರೂ ಅದೇ. ನಮ್ಮ ದ್ವೀಪದೇಶ ಟೊಂಗಾದಲ್ಲಿ ಹವಳದ ದಿಬ್ಬದೊಳಗೆ ನಿಂತ ಸಮುದ್ರಕ್ಕೆ ಇದೇ ಬಣ್ಣ. "ಊರನ್ನೇ ಮೂಗಲ್ಲಿ ಇಟ್ಕೊಂಡು ಓಡಾಡ್ತಿದೀನಿ ನೋಡೇ" ಅಂತ ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ.

ಮೆಲ್ಬರ್ನಿನ ಪಶ್ಚಿಮದ ಅಂಚಿನಲ್ಲಿ ಕ್ರೇಗ್ ಎಂಬವನ ಕಾರ್ಖಾನೆ. ಚಿತ್ರ ಬರೆಯುವವರಿಗೆ ಬೇಕಾದ ಬಣ್ಣ ಇಲ್ಲಿ ತಯಾರಾಗುತ್ತದೆ. ಪುಡಿ ಕೋಣೆಯಲ್ಲಿ ನಾವು ಟೊಂಗಾದ ಹೆಂಗಸರು ಚೀಲದಿಂದ ಕೋಬಾಲ್ಟ್ ಎಂಬ ಲೋಹದಿಂದಾದ ಹಸಿರುನೀಲಿ ಪುಡಿ ಮೊಗೆದು, ತೂಗಿ, ಎಣ್ಣೆಗೆ ಹಾಕುತ್ತೇವೆ. ಪಕ್ಕದಲ್ಲಿ ಮಾಲ್ಟಾದ ಮುದುಕ ಚೆನ್ಸು ಅದನ್ನು ಯಂತ್ರದಲ್ಲಿ ಅರೆಯುತ್ತಾನೆ. ಪುಡಿ ಹಾರಿಹೋದರೆ ನಷ್ಟ ಎಂದು ಕ್ರೇಗ್ ಕಿಟಕಿಗೆ ಮೊಳೆ ಹೊಡೆಸಿದ್ದ. ಗಾಳಿ ಹೊರಗೆಳೆಯುವ ಫ್ಯಾನ್ ಕೇಳಿದರೆ "ನೋಡೋಣ" ಅನ್ನುತ್ತಿದ್ದ. ಇಲ್ಲಿ ಯಜಮಾನನನ್ನೂ ಹೆಸರು ಹಿಡಿದೇ ಕರೆಯುವುದು. ನಾವೆಲ್ಲ ಒಂದೇ ಮನೆಯವರು ಅಂತ ಅವನೇ ಹೇಳಿದ್ದ.

ಕೂತರೂ ನಿಂತರೂ ಹಾಡುವ ಜನ ನಾವು. ಊರಿನಲ್ಲಿ ಮರದ ತೊಗಟೆ ಬಡಿದು ಬಟ್ಟೆ ಮಾಡುವಾಗ ಹಾಡದಿದ್ದರೆ ಹೆಂಗಸರಿಗೆ ಕೈಯೇ ಓಡುವುದಿಲ್ಲ. ಇಲ್ಲೂ ಹಾಗೇ ಬಾಯಿ ತುಂಬ ಹಾಡಿದೆವು, ಬಾಯಿ ತುಂಬ ಪುಡಿ ನುಂಗಿದೆವು. ಎಲ್ಲರಿಗಿಂತ ಎತ್ತರದ ದನಿ ಫೂಸಿಯದು. ಚರ್ಚಿನ ಮೇಳಕ್ಕೂ ಅವಳೇ ಮುಂದಾಳು. ಈಚೆಗೆ ಆ ದನಿ ನಡುವೆಯೇ ಒಡೆಯತೊಡಗಿತು. ಬೇರೆಯವಳನ್ನು ಹುಡುಕಬೇಕಾದೀತು ಅಂತ ಪಾದ್ರಿಗಳು ಅಂದುಬಿಟ್ಟರು. ಸಂಬಳ ನಿಂತಿದ್ದರೂ ಫೂಸಿ ಅವತ್ತು ಅತ್ತಷ್ಟು ಅಳುತ್ತಿರಲಿಲ್ಲ.

"ಅಕ್ಕಾ, ಡಾಕ್ಟರ್ ಹತ್ರ ಹೋಗು" ಅಂದೆ.

"ಹೋಗಿದ್ದೆ ಕಣೇ. ಧೂಳಲ್ಲಿ ಕೆಲಸ ಮಾಡ್ತೀಯಾ ಅಂದ್ರು. ಧೂಳೆಲ್ಲಿ ಬಂತು, ಬಣ್ಣದಲ್ಲಿ ಮಾಡ್ತೀನಿ ಅಂದೆ."

"ಬಣ್ಣದ ಪುಡಿ ಅಂತ ಹೇಳ್ಲಿಲ್ವಾ?"

"ಅವರು ಕೇಳ್ಲಿಲ್ಲ."

ಆ ಶನಿವಾರ ಚಿತ್ರಕಾರರ ಸಂಘದವರು ಕಾರ್ಖಾನೆ ನೋಡಲು ಬರುವವರಿದ್ದರು. "ನೀವು ಪುಡಿ ಮೊಗೀತಾ ಹಾಡ್ಬೇಕು, ಅವರಿಗೆ ಖುಷಿಯಾಗತ್ತೆ" ಅಂದ ಕ್ರೇಗ್. ನಾವೂ ಕಿವಿಗೆ ಹೂ ಸಿಕ್ಕಿಸಿಕೊಂಡು ಸಡಗರದಿಂದ ಬಂದೆವು.

ಬಂದವರಿಗೆಲ್ಲ ಕ್ರೇಗ್ ಬಾಗಿಲಲ್ಲೇ ಒಂದೊಂದು ಮಾಸ್ಕ್ ಕೊಟ್ಟ. ಒಳಗೆ ಬಂದು ನಮ್ಮ ಚೀಲದ ಪಕ್ಕ ನಿಂತು ಶುರುಮಾಡಿದ.

"ಈ ಬಣ್ಣ ಬಿಸಿಲಿಗೆ ಮಾಸಲ್ಲ, ಸುಣ್ಣದ ಗೋಡೆ ಮೇಲೂ ಕೆಡಲ್ಲ. ಎಣ್ಣೇಲಿ ಕಲಸಿದ್ಮೇಲೆ ಅಷ್ಟೇನೂ ಭಯ ಇಲ್ಲ, ಕೈಗೆ ಹತ್ತಿದ್ರೆ ಸೋಪು ಹಾಕಿ ತೊಳೀರಿ. ಬ್ರಷ್ಷಿನ ತುದಿ ಬಾಯಿಗಿಡಬೇಡಿ. ಸ್ಪ್ರೇ ಮಾಡ್ಬೇಡಿ. ಒಣಗಿದ್ದನ್ನ ಉಜ್ಜಿ ಧೂಳೆಬ್ಬಿಸಬೇಡಿ. ಒಣಪುಡಿ ಉಸಿರಲ್ಲಿ ಹೋದ್ರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಅದಕ್ಕೇ ಈ ಮಾಸ್ಕ್."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನಮ್ಮ ಮುಖಗಳೆಲ್ಲ ಪೂರ್ತಿ ಕಾಣುತ್ತಿದ್ದವು.

ಬಾಗಿಲಲ್ಲಿದ್ದ ಚೆನ್ಸು ಕೇಳಿದ: "ಕ್ರೇಗ್, ಈ ಹೆಂಗಸರಿಗೆ ಶ್ವಾಸಕೋಶ ಇಲ್ವೇನಪ್ಪಾ?"

ಯಾರೋ ನಕ್ಕರು. ನಕ್ಕವರು ನಮ್ಮತ್ತ ನೋಡಿ ತಮ್ಮ ಮಾಸ್ಕ್ ಸರಿಮಾಡಿಕೊಂಡರು.

"ಅದೆಲ್ಲ ಆಮೇಲೆ" ಅಂದ ಕ್ರೇಗ್. "ಫೂಸಿ, ಹಾಡು."

ಫೂಸಿ ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. "ಹಾಡ್ತೀನಿ. ಇಲ್ಲಿ ಮಾತ್ರ ಅಲ್ಲ."

ಅವಳು ಅಂಗಳಕ್ಕೆ ನಡೆದಳು. ನಾವೂ ಹಿಂದೆಯೇ ಹೋದೆವು. ಚೆನ್ಸು ಯಂತ್ರ ನಿಲ್ಲಿಸಿ ಬಂದ. ಬಂದ ಅತಿಥಿಗಳೂ ಹಿಂಬಾಲಿಸಿದರು. ಅವರಲ್ಲೊಬ್ಬ ಮುದುಕಿ ತನ್ನ ಮಾಸ್ಕ್ ಬಿಚ್ಚಿ ಫೂಸಿಗೆ ಕೊಡಹೋದಳು.

"ಬೇಡಮ್ಮಾ, ಇದು ಇವತ್ತಿಗಾಯ್ತು. ನಮಗೆ ದಿನಾ ಬೇಕು" ಅಂದಳು ಫೂಸಿ.

ಕ್ರೇಗ್ ಓಡಿಬಂದ. "ಸೋಮವಾರ ಲಾರಿ ಬರತ್ತೆ. ಮಾಲು ಯಾರು ಕೊಡ್ತಾರೆ?"

"ಕಿಟಕಿ ಮೊಳೆ ಕೀಳ್ಸು. ಫ್ಯಾನ್ ಹಾಕ್ಸು. ಎಲ್ಲರಿಗೂ ಒಳ್ಳೇ ಮಾಸ್ಕ್ ತರ್ಸು. ಅವತ್ತು ಒಳಗೆ ಬರ್ತೀವಿ. ಅಲ್ಲೀತನಕ ಇಲ್ಲೇ ಹಾಡ್ತಿರ್ತೀವಿ. ಸತ್ತವರ ಮನೇಲಿ ಬೆಳಗಾಗೋ ತನಕ ಹಾಡೋರು ನಾವು, ನಮಗೇನೂ ಕಷ್ಟ ಇಲ್ಲ."

ಆಮೇಲೆ ಅವಳು ಹಾಡು ಎತ್ತಿಕೊಂಡಳು. ಎತ್ತರಕ್ಕೆ ಹೋಗುತ್ತಲೇ ದನಿ ಒಡೆದು ಕೆಮ್ಮು ಬಂತು. ನಮ್ಮ ಹಾಡಿನಲ್ಲಿ ಒಬ್ಬಳ ಉಸಿರು ಸಾಲದಾದರೆ ಪಕ್ಕದವಳು ಎತ್ತಿಕೊಳ್ಳುವುದು ರೂಢಿ, ಕೇಳುವವರಿಗೆ ಗೊತ್ತೇ ಆಗುವುದಿಲ್ಲ. ನಾನು ಎತ್ತಿಕೊಂಡೆ. ನನ್ನದು ಮುಗಿಯುವಷ್ಟರಲ್ಲಿ ಆಚೆಯವಳು ಎತ್ತಿಕೊಂಡಳು. ಚೆನ್ಸು ಕೂಡ ತನ್ನ ಕತ್ತೆದನಿ ಸೇರಿಸಿ ನಮ್ಮನ್ನೆಲ್ಲ ನಗಿಸಿದ.

ಫೂಸಿ ಬಾಯಿ ಒರೆಸಿಕೊಂಡು ನಮ್ಮತ್ತ ತಿರುಗಿದಳು.

"ಎಲ್ಲಾ ಇವತ್ತೇ ಖರ್ಚು ಮಾಡ್ಬೇಡ್ರೇ" ಅಂದಳು. "ಸೋಮವಾರಕ್ಕೂ ಉಸಿರು ಬೇಕು."