ಸಿಗ್ನಲ್ ಇಲ್ಲದ ಸಂದಿ

ಗೋಡೌನಿನ ಹೆಂಗಸರು ಅವಳು ಬಂದ ದಿನವೇ ಸಿಗ್ನಲಕ್ಕ ಎಂದು ಹೆಸರಿಟ್ಟುಬಿಟ್ಟರು. ತಕರಾರು ಮಾಡುವ ತ್ರಾಣ ಅವಳಿಗೂ ಇರಲಿಲ್ಲ. ಕೆಲಸವೇ ಅಂಥದ್ದು: ಫೋನು ಹಿಡಿದು ನಡೆಯುವುದು. ಪರದೆಯ ಮೇಲೆ ಕಟ್ಟಡದ ನಕ್ಷೆ. ನಿಂತ ಜಾಗವನ್ನು ನಕ್ಷೆಯಲ್ಲಿ ಬೆರಳಿಂದ ಒತ್ತಿದರೆ, ಅಲ್ಲಿ ವೈಫೈ ಎಷ್ಟು ಬರುತ್ತಿದೆ ಎಂದು ಆ್ಯಪ್ ಅಳೆದು ಬಣ್ಣ ಬಳಿಯುತ್ತದೆ. ಚೆನ್ನಾಗಿದ್ದರೆ ಹಸಿರು, ಸತ್ತಿದ್ದರೆ ಕೆಂಪು. ಕೆಂಪು ಬಂದಲ್ಲಿ ಕಂಪನಿಯವರು ಹೊಸ ರೂಟರ್ ತೂಗುಹಾಕುತ್ತಾರೆ. "ದಿನವೆಲ್ಲ ಫೋನ್ ನೋಡೋಕೆ ನಿಂಗೆ ಸಂಬಳ ಬೇರೆ ಕೇಡು" ಎಂದು ಗಂಡ ಚುಚ್ಚುತ್ತಿದ್ದ. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚಿದರೆ ಊದಿದ ಪಾದಗಳ ಮೇಲೆ ಪಟ್ಟಿಯ ಅಚ್ಚು ಕೂತಿರುತ್ತಿತ್ತು. ಅದನ್ನು ನೋಡುವಷ್ಟು ಪುರುಸೊತ್ತು ಆ ಮಹಾರಾಯನಿಗೆ ಎಲ್ಲಿ?

ಗೋಡೌನಿನವರು ಕಂಟ್ರಾಕ್ಟರ್ ಮೂಲಕ ಇಲ್ಲಿಗೆ ಅವಳನ್ನು ಸುಮ್ಮನೆ ಕರೆಸಿರಲಿಲ್ಲ. ಅಟ್ಟಣಿಗೆಗಳಿಂದ ಸಾಮಾನು ಆರಿಸಿ ತರುವ ಪ್ರತಿ ಹೆಂಗಸಿನ ಮಣಿಕಟ್ಟಿಗೂ ಒಂದು ಸ್ಕ್ಯಾನರ್ ಕಟ್ಟಿತ್ತು. ಒಂದು ಸಾಮಾನಿಗೂ ಇನ್ನೊಂದಕ್ಕೂ ನಡುವೆ ಕೊಂಚ ತಡವಾದರೆ ಸಾಕು, ಅದು ಕಿರುಚುತ್ತಿತ್ತು. ಆಫೀಸಿನ ಪರದೆಯಲ್ಲಿ 'ಖಾಲಿ ಕೂತಿದ್ದಾಳೆ' ಎಂದು ಆ ಹೆಂಗಸಿನ ಲೆಕ್ಕಕ್ಕೆ ಬೀಳುತ್ತಿತ್ತು. ವೈಫೈ ಸಿಗದಿದ್ದಾಗ ಮಾತ್ರ 'ಸಂಪರ್ಕವಿಲ್ಲ' ಎಂದು ಬಂದು ಸುಮ್ಮನಾಗುತ್ತಿತ್ತು. ಆ ತಪ್ಪನ್ನು ಯಾರ ತಲೆಗೂ ಕಟ್ಟುವಂತಿರಲಿಲ್ಲ. ಈಚೆಗೆ ಸಂಪರ್ಕ ಕಳೆದುಕೊಳ್ಳುವವರು ಹೆಚ್ಚಾಗಿದ್ದರು.

"ಎಲ್ಲಿ ಸಾಯ್ತಿದೆ ಅಂತ ಹುಡುಕಮ್ಮ," ಎಂದಿದ್ದ ಸೂಪರ್‌ವೈಸರ್. "ಬಾಯಿ ಬಿಟ್ರೆ ಸಿಗ್ನಲ್ ಇಲ್ಲ, ಸಿಗ್ನಲ್ ಇಲ್ಲ. ಇವರ ಬಾಯಿಗೊಂದು ಬೀಗ ಹಾಕ್ಬೇಕು."

ಹುಡುಕುವುದೇನೂ ಕಷ್ಟವಾಗಲಿಲ್ಲ. ಹಿಂಬದಿಯಲ್ಲಿ ನೀರಿನ ಕ್ಯಾನುಗಳ ಅಟ್ಟಣಿಗೆಗೂ ಸ್ಟೀಲ್ ಪಾತ್ರೆಗಳ ಅಟ್ಟಣಿಗೆಗೂ ನಡುವೆ ಒಂದು ಸಂದಿಯಿತ್ತು. ಅರ್ಧ ಸಿಗ್ನಲನ್ನು ನೀರು ನುಂಗಿ, ಉಳಿದರ್ಧವನ್ನು ಲೋಹ ತಡೆದು, ಒಳಗೆ ಏನೂ ಉಳಿಯುತ್ತಿರಲಿಲ್ಲ. ಸಂದಿಯ ಬಾಯಲ್ಲೇ ಫೋನಿನ ಸಿಗ್ನಲ್ ಗೆರೆಗಳು ಒಂದೊಂದಾಗಿ ಕುಸಿದವು. ಒಳಗೆ ರಟ್ಟಿನ ಮೇಲೆ ಮೂವರು ಹೆಂಗಸರು ಕಾಲು ಚಾಚಿ ಕೂತಿದ್ದರು. ಒಬ್ಬಳು ತುಂಬು ಬಸುರಿ. ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು.

"ಬಂದ್ಯಾ ಸಿಗ್ನಲಕ್ಕ," ಎಂದಳು ಹಿರಿಯಳು. ಎಲ್ಲರ ಬಾಯಲ್ಲೂ ಆಕೆ ದೊಡ್ಡಮ್ಮ. "ಮೆತ್ತಗೆ ಮಾತಾಡು. ಇವಳು ಈಗ ತಾನೇ ಕಣ್ಣು ಮುಚ್ಚಿದಾಳೆ."

"ಊಟಕ್ಕೆ ಬಿಡುವು ಕೊಡಲ್ವಾ ನಿಮಗೆ?"

"ಕೊಡ್ತಾರಲ್ಲ! ಕ್ಯಾಂಟೀನಿಗೆ ನಡೆದು ಹೋಗಿ ಬರೋಷ್ಟರಲ್ಲಿ ಮುಗಿಯತ್ತೆ. ಕ್ಯಾಂಟೀನ್ ಬಾಗಿಲು ನೋಡಿ ಹೊಟ್ಟೆ ತುಂಬಿಸ್ಕೊಂಡು ಬರ್ತೀವಿ."

ಮೂರನೆಯವಳು ಸದ್ದಿಲ್ಲದೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಇಲ್ಲೂ ರೂಟರ್ ಹಾಕ್ತಾರಾ ಅಕ್ಕ?" ಎಂದಳು.

ಸಿಗ್ನಲಕ್ಕ ಹಿಂದಕ್ಕೆ ಸರಿದಳು. ಕೆಂಪು ಬಳಿದರೆ ಇವರಿಗೆ ಇದ್ದ ಈ ಒಂದು ಸಂದಿಯೂ ಹೋಗುತ್ತದೆ. ಆ್ಯಪ್ಪಿಗೆ ಕಣ್ಣಿಲ್ಲ, ಅದು ಬೆರಳನ್ನು ನಂಬುತ್ತದೆ. ಅವಳು ಮುಖ್ಯ ಓಣಿಗೆ ಹೋಗಿ, ರೂಟರಿನ ನೇರ ಕೆಳಗೆ ನಿಂತು, ನಕ್ಷೆಯಲ್ಲಿ ಸಂದಿಯ ಜಾಗವನ್ನು ಒತ್ತಿದಳು. ಅಚ್ಚ ಹಸಿರು. ಕಳಿಸಿಬಿಟ್ಟಳು. ಅವತ್ತು ರಾತ್ರಿ ಗಂಡನ ಮಾತು ಚುಚ್ಚಲಿಲ್ಲ.

ಮರುದಿನ ಮೇಲಂತಸ್ತಿನ ಅಳತೆಗೆಂದು ಬಂದರೆ ಹೆಂಗಸರೆಲ್ಲ ಬಾಗಿಲ ಬಳಿ ನಿಂತಿದ್ದರು. ಗೋಡೆಯ ಮೇಲೆ ಅವಳದೇ ನಕ್ಷೆ.

"ನೋಡಿ, ಕಣ್ಣು ಬಿಟ್ಟು ನೋಡಿ," ಎನ್ನುತ್ತಿದ್ದ ಸೂಪರ್‌ವೈಸರ್. "ಈ ಕೆಳಗಿನ ಅಂತಸ್ತೆಲ್ಲ ಹಸಿರು. ಎಲ್ಲೂ ಸಿಗ್ನಲ್ ಸತ್ತಿಲ್ಲ. ಅಂದ್ರೆ ಸ್ಕ್ಯಾನರ್ ಆಫ್ ಮಾಡ್ಕೊಂಡು ನಾಟಕ ಆಡ್ತಿದೀರಿ." ಬಸುರಿಯತ್ತ ಬೆರಳು ತೋರಿಸಿದ. "ಎಲ್ಲರಿಗಿಂತ ಜಾಸ್ತಿ ನಿಂದೇ. ಸ್ಕ್ಯಾನರ್ ಬಿಚ್ಚಿಟ್ಟು ಮನೆಗೆ ನಡಿ."

ದೊಡ್ಡಮ್ಮ ಸಿಗ್ನಲಕ್ಕನ ಕಡೆ ತಿರುಗಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು.

"ಉಪಕಾರ ಮಾಡೋಕೆ ಹೋದ್ಯೇನಮ್ಮ? ಸಿಗ್ನಲ್ ಇಲ್ಲ ಅನ್ನೋದೊಂದೇ ನಮ್ಮ ಕೈಲಿದ್ದ ಸಾಕ್ಷಿ. ಅದನ್ನೂ ಒರೆಸಿ ಹಾಕಿದೆಯಲ್ಲ."

ಸಿಗ್ನಲಕ್ಕನಿಗೆ ಗೊತ್ತಿತ್ತು: ಸುಳ್ಳು ನಕ್ಷೆ ಕೊಟ್ಟವಳನ್ನು ಕಂಟ್ರಾಕ್ಟರ್ ಒಂದು ಗಳಿಗೆಯೂ ಇಟ್ಟುಕೊಳ್ಳುವುದಿಲ್ಲ. ಬಸುರಿಯ ಬೆರಳುಗಳು ಆಗಲೇ ಮಣಿಕಟ್ಟಿನ ಪಟ್ಟಿಯನ್ನು ತಡವುತ್ತಿದ್ದವು.

"ಬಿಚ್ಚಬೇಡ," ಎಂದಳು ಸಿಗ್ನಲಕ್ಕ. "ಸರ್, ಆ ಹಸಿರು ಸುಳ್ಳು. ಒಂದು ಜಾಗ ನಾನು ಅಳೆದಿಲ್ಲ. ಬನ್ನಿ."

ಮುಂದೆ ಅವಳು, ಹಿಂದೆ ಅವನು, ಅವನ ಹಿಂದೆ ಹೆಂಗಸರು. ಸಂದಿಯೊಳಗೆ ನಿಂತು ಅವನ ಕಣ್ಣೆದುರೇ ಒತ್ತಿದಳು. ಹಸಿರಿದ್ದ ಜಾಗ ಕೆಂಪಾಯಿತು.

ಅವನು ನೆಲದ ಮೇಲಿನ ರಟ್ಟುಗಳನ್ನು ನೋಡಿದ. ಎಲ್ಲ ಅರ್ಥವಾಯಿತು. "ಓಹೋ, ಇದಾ ನಿಮ್ಮ ಅರಮನೆ! ಸರಿ, ಆ ಬಸುರಿ ಇರ್ಲಿ. ಮಧ್ಯಾಹ್ನದೊಳಗೆ ಇಲ್ಲೊಂದು ರೂಟರ್ ಬೀಳತ್ತೆ. " ಸಿಗ್ನಲಕ್ಕನತ್ತ ತಿರುಗಿದ. "ನಿನ್ನ ಕಂಟ್ರಾಕ್ಟರಿಗೆ ಈಗಲೇ ಫೋನ್ ಮಾಡ್ತೀನಿ ತಾಳು."

"ಹಾಕಿ ಸಾರ್," ಎಂದಳು ದೊಡ್ಡಮ್ಮ. "ಕಳ್ಳರ ಥರ ಅಡಗಿ ಕೂತು ಕೂತು ನಮಗೂ ಸಾಕಾಗಿದೆ."

ದೊಡ್ಡಮ್ಮ ಮುಖ್ಯ ಓಣಿಗೆ ನಡೆದು, ಸಾಮಾನಿನ ಗಾಡಿಗಳು ಓಡಾಡುವಲ್ಲೇ, ಸಿಗ್ನಲ್ ಭರ್ತಿಯಿರುವ ನಟ್ಟನಡುವೆ, ಮಂಡಿ ಹಿಡಿದುಕೊಂಡು ಬರಿನೆಲಕ್ಕೆ ಕೂತಳು. ಬಸುರಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಒಬ್ಬೊಬ್ಬರಾಗಿ ಉಳಿದವರೂ ಕೂತರು. ಒಬ್ಬರೂ ಘೋಷಣೆ ಕೂಗಲಿಲ್ಲ. ಕೂಗುವಷ್ಟು ಉಸಿರು ಯಾರಲ್ಲೂ ಇರಲಿಲ್ಲ.

"ಏಳ್ರೇ! ಏನ್ರೇ ಇದು?" ಎಂದ ಸೂಪರ್‌ವೈಸರ್.

ಸ್ಕ್ಯಾನರುಗಳು ಒಂದರ ಹಿಂದೊಂದು ಕಿರುಚತೊಡಗಿದವು. ಯಾರೂ ಮಣಿಕಟ್ಟು ನೋಡಿಕೊಳ್ಳಲಿಲ್ಲ.

"ನಿನ್ನ ಕೆಲಸ ಅಂತೂ ಹೋಯ್ತು ಸಿಗ್ನಲಕ್ಕ," ಎಂದು ದೊಡ್ಡಮ್ಮ ಸ್ವಲ್ಪ ಸರಿದು ಜಾಗ ಮಾಡಿದಳು. "ಇನ್ನೂ ಯಾಕೆ ನಿಂತಿದೀಯ?"

ಸಿಗ್ನಲಕ್ಕ ಫೋನನ್ನು ನೆಲಕ್ಕೆ ಬೋರಲು ಹಾಕಿ, ದೊಡ್ಡಮ್ಮನ ಪಕ್ಕ ಕೂತಳು.